ಉಳಿದದ್ದು ಎಲ್ಲಿಗೆ ಹೋಯಿತು?
(ಕಾಲೇಜು ಮಕ್ಕಳ ಹಸಿರು ನಿಧಿ: ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಜೂನ್ 5 ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ಪರಿಸರ ದಿನ. ಭಾಷಣ, ಜಾಥಾ, ಗಿಡ ನೆಡುವ ಕಾರ್ಯಕ್ರಮ ಎಲ್ಲವೂ ಇರುತ್ತದೆ. ಗುಂಡಿ ತೋಡಿ, ಗಿಡ ಇಟ್ಟು, ಫೋಟೊ ತೆಗೆಸಿಕೊಂಡು ಮಕ್ಕಳು ಮನೆಗೆ ಹೋಗುತ್ತಾರೆ. ಮರುವರ್ಷ ಎಷ್ಟೋ ಕಡೆ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ! ಮಕ್ಕಳಿಗೆ ಉತ್ಸಾಹ ಇರಲಿಲ್ಲ ಅಂತ ಅಲ್ಲ. ನಾಳೆಯಿಂದ ನೀರು ಹಾಕುವವರು ಯಾರು, ಬೇಲಿಗೆ ಹಣ ಎಲ್ಲಿಂದ, ರಜೆಯಲ್ಲಿ ನೋಡಿಕೊಳ್ಳುವವರು ಯಾರು ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ, ಅಷ್ಟೇ.

ಆದರೆ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಮುಂದೆ ನಿಂತು ಶುರು ಮಾಡಿದ ಕೆಲಸ ಒಂದು ದಿನದ ಕಾರ್ಯಕ್ರಮವಾಗಿ ಮುಗಿಯಲಿಲ್ಲ. ಅವರು ಏನು ಮಾಡಿದರು ಅಂತ ನೋಡಿದರೆ ನಮ್ಮ ಸಂಘದವರಿಗೆ ಆಶ್ಚರ್ಯ ಆಗುತ್ತದೆ. ಏಕೆಂದರೆ ಅವರ ದಾರಿ ನಮ್ಮ ದಾರಿಯ ಹಾಗೇ ಇದೆ: ಸಣ್ಣ ಉಳಿತಾಯ, ಒಟ್ಟು ತೀರ್ಮಾನ, ಸುತ್ತುವ ಸಾಲ, ಸರಿಯಾದ ಪುಸ್ತಕ. ಈ ಪಾಠದಲ್ಲಿ ಅದನ್ನೇ ತಿಳಿದುಕೊಳ್ಳೋಣ.

ಸುಸ್ಥಿರತೆ ಎಂದರೇನು?

ಈಗ ಎಲ್ಲ ಕಡೆ ಕೇಳಿಬರುವ ಮಾತು ಸುಸ್ಥಿರತೆ. ದೊಡ್ಡ ಪದ ಅಂತ ಹೆದರಬೇಕಾಗಿಲ್ಲ. ನಮ್ಮ ಹಿರಿಯರು ಬಿತ್ತನೆಗೆ ಇಟ್ಟ ಬೀಜವನ್ನು ಎಷ್ಟೇ ಕಷ್ಟ ಬಂದರೂ ಕುಟ್ಟಿ ತಿನ್ನುತ್ತಿರಲಿಲ್ಲ. ಇವತ್ತಿನ ಹೊಟ್ಟೆಯೂ ತುಂಬಬೇಕು, ಮುಂದಿನ ಬೆಳೆಯೂ ಬರಬೇಕು. ನೀರು, ವಿದ್ಯುತ್, ಮಣ್ಣು, ಕಾಡು ಎಲ್ಲವನ್ನೂ ಹೀಗೆ ಬಳಸುವುದೇ ಸುಸ್ಥಿರತೆ.

ಒಂದು ಕಾಲೇಜು ಎಂದರೆ ಒಂದು ಸಣ್ಣ ಊರು ಇದ್ದ ಹಾಗೆ. ಅಲ್ಲಿ ಹಾಸ್ಟೆಲ್ ಇದೆ, ಅಡುಗೆ ಮನೆ ಇದೆ, ಪಂಪು, ಫ್ಯಾನು, ದೀಪ, ಕಸದ ರಾಶಿ ಎಲ್ಲ ಇದೆ. ಆದರೆ ಊರಿಗೂ ಹಾಸ್ಟೆಲಿಗೂ ಒಂದು ವ್ಯತ್ಯಾಸ ಇದೆ. ಮನೆಯಲ್ಲಿ ಕರೆಂಟ್ ಬಿಲ್ ನಮ್ಮ ಕೈಗೇ ಬರುತ್ತದೆ. ಹಾಸ್ಟೆಲಿನಲ್ಲಿ ಬಿಲ್ ಕಚೇರಿಗೆ ಹೋಗುತ್ತದೆ. ಫ್ಯಾನ್ ಹಾಕಿ ಬಿಟ್ಟು ಹೋದ ಹುಡುಗನಿಗೆ ಅದು ಕಾಣುವುದೇ ಇಲ್ಲ. ಆರಿಸಿ ಹೋದ ಹುಡುಗಿಗೂ ತಾನು ಎಷ್ಟು ಉಳಿಸಿದೆ ಅಂತ ಗೊತ್ತಾಗುವುದಿಲ್ಲ. ಕಾಣದ ಖರ್ಚನ್ನು ಯಾರೂ ಕಡಿಮೆ ಮಾಡುವುದಿಲ್ಲ. ಇಲ್ಲಿಂದಲೇ ನಮ್ಮ ಮೊದಲ ಪಾಠ ಶುರುವಾಗುತ್ತದೆ.

1. ಮೊದಲು ಅಳೆಯಬೇಕು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಓಬರ್ಲಿನ್ ಎಂಬ ಕಾಲೇಜು ಇದೆ. 2005ರಲ್ಲಿ ಅಲ್ಲಿನ ಹಾಸ್ಟೆಲುಗಳ ನಡುವೆ ಎರಡು ವಾರದ ಒಂದು ಸ್ಪರ್ಧೆ ನಡೆಯಿತು: ಯಾವ ಹಾಸ್ಟೆಲ್ ವಿದ್ಯುತ್ತನ್ನೂ ನೀರನ್ನೂ ಹೆಚ್ಚು ಉಳಿಸುತ್ತದೆ? ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಮಾಡಿದ ವ್ಯವಸ್ಥೆ ಇದು. ಕೆಲವು ಹಾಸ್ಟೆಲುಗಳಲ್ಲಿ ಈ ಕ್ಷಣ ಎಷ್ಟು ವಿದ್ಯುತ್ ಖರ್ಚಾಗುತ್ತಿದೆ ಎಂದು ಕಂಪ್ಯೂಟರಿನಲ್ಲಿ ಆಗಿಂದಾಗಲೇ ಕಾಣುವಂತೆ ಮಾಡಿದರು. ಉಳಿದ ಹಾಸ್ಟೆಲುಗಳಿಗೆ ವಾರಕ್ಕೊಮ್ಮೆ ಮೀಟರ್ ಓದಿ ತಿಳಿಸಿದರು.

ಎರಡು ವಾರದಲ್ಲಿ ಒಟ್ಟು ವಿದ್ಯುತ್ ಬಳಕೆ ಶೇಕಡಾ 32 ಕಡಿಮೆಯಾಯಿತು. ಉಳಿದ ವಿದ್ಯುತ್ 68,300 ಯೂನಿಟ್. ಇನ್ನೊಂದು ವಿಷಯವನ್ನೂ ಗಮನಿಸಿ. ವಾರಕ್ಕೊಮ್ಮೆ ಲೆಕ್ಕ ತಿಳಿದ ಹಾಸ್ಟೆಲುಗಳು ಶೇಕಡಾ 31 ಉಳಿಸಿದರೆ, ಆಗಿಂದಾಗಲೇ ಲೆಕ್ಕ ಕಂಡವರು ಶೇಕಡಾ 55 ಉಳಿಸಿದರು. ಎಲ್ಲರೂ ಒಂದೇ ಕಾಲೇಜಿನ ಮಕ್ಕಳೇ. ಲೆಕ್ಕ ಕಣ್ಣ ಮುಂದೆ ಇದ್ದದ್ದು ಇಷ್ಟು ವ್ಯತ್ಯಾಸ ಮಾಡಿತು. ನೀರಿನಲ್ಲಿ ಮಾತ್ರ ಉಳಿದದ್ದು ಬರೀ ಶೇಕಡಾ 3. ಹಾಗಾಗಿ ಒಂದರಲ್ಲಿ ಗೆದ್ದ ಉಪಾಯ ಎಲ್ಲದರಲ್ಲೂ ಗೆಲ್ಲುತ್ತದೆ ಅಂತ ತಿಳಿಯಬಾರದು.

ನಮ್ಮ ಹಾಸ್ಟೆಲುಗಳಲ್ಲಿ ಕಂಪ್ಯೂಟರ್ ಪರದೆ ಬೇಕೇ ಬೇಕು ಅಂತ ಇಲ್ಲ. ಒಂದು ಕರಿಹಲಗೆ, ಒಂದು ತಕ್ಕಡಿ ಸಾಕು. ಲೆಕ್ಕ ಮಾಡಿ ನೋಡಿ. 200 ಮಕ್ಕಳು ಊಟ ಮಾಡುವ ಹಾಸ್ಟೆಲಿನಲ್ಲಿ ಒಬ್ಬೊಬ್ಬರು ದಿನಕ್ಕೆ 50 ಗ್ರಾಂ ಅನ್ನ ಬಿಟ್ಟರೆ, ಅಂದರೆ ಒಂದು ಹಿಡಿಯಷ್ಟು, ದಿನಕ್ಕೆ 10 ಕಿಲೊ, ತಿಂಗಳಿಗೆ 300 ಕಿಲೊ. ತಟ್ಟೆಯಲ್ಲಿ ಬಿಟ್ಟ ಒಂದು ಹಿಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಊಟದ ಕೋಣೆಯ ಬಾಗಿಲಲ್ಲಿ "ನಿನ್ನೆ ಬಿಸಾಡಿದ ಅನ್ನ 10 ಕಿಲೊ" ಎಂದು ಬರೆದಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರನ್ನೂ ಬೈಯಬೇಕಾಗಿಲ್ಲ. ತಕ್ಕಡಿಯೇ ಮಾತಾಡುತ್ತದೆ.

2. ಸಣ್ಣ ಪಾಲು, ಎಲ್ಲರ ಪಾಲು

ಅಳೆದದ್ದಾಯಿತು. ದುಂದು ಎಲ್ಲಿದೆ ಅಂತ ಗೊತ್ತಾಯಿತು. ಸರಿಪಡಿಸಲು ಹಣ ಬೇಕಲ್ಲ? ಹಳೇ ದೀಪ ತೆಗೆದು ಹೊಸ ದೀಪ ಹಾಕಬೇಕು, ಸೋರುವ ನಲ್ಲಿ ಬದಲಾಯಿಸಬೇಕು. ಕೇಳಲು ಹೋದರೆ "ಈ ವರ್ಷ ಹಣ ಇಲ್ಲ" ಎನ್ನುವ ಉತ್ತರ ಎಲ್ಲ ದೇಶಗಳಲ್ಲೂ ಸಿಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ವಿದ್ಯಾರ್ಥಿಗಳು 2007ರಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡರು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸೆಮಿಸ್ಟರಿಗೆ 5 ಡಾಲರ್ ಕೊಡೋಣವೇ ಎಂದು ಎಲ್ಲ ವಿದ್ಯಾರ್ಥಿಗಳ ಮತ ಕೇಳಿದರು. 5 ಡಾಲರ್ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 200 ರೂಪಾಯಿ. ಬಹುಮತ ಬಂತು. ಹೀಗೆ ಹುಟ್ಟಿದ ಹಸಿರು ನಿಧಿಯಿಂದ ಕ್ಯಾಂಪಸ್ಸಿನ ಪರಿಸರ ಕೆಲಸಗಳಿಗೆ ಹಣ ಕೊಡಲಾಯಿತು. ಯಾವ ಕೆಲಸಕ್ಕೆ ಎಷ್ಟು ಎಂದು ತೀರ್ಮಾನಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳೇ ಹೆಚ್ಚಿನ ಸಂಖ್ಯೆಯಲ್ಲಿದ್ದರು.

ಅಲ್ಲಿ ಓದುವವರು 30 ಸಾವಿರಕ್ಕೂ ಹೆಚ್ಚು. ವರ್ಷಕ್ಕೆ ಎರಡು ಸೆಮಿಸ್ಟರ್. ತಲೆಗೆ 10 ಡಾಲರ್ ಎಂದರೆ ಒಟ್ಟು ಮೂರು ಲಕ್ಷ ಡಾಲರ್ ದಾಟುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಹೇಳುವುದು ಇದನ್ನೇ.

ಇದರಲ್ಲಿ ನಾವು ಮೆಚ್ಚಬೇಕಾದದ್ದು ಹಣದ ಮೊತ್ತವನ್ನಲ್ಲ. ಮಕ್ಕಳು ಮನವಿ ಪತ್ರ ಹಿಡಿದು ಬಾಗಿಲಲ್ಲಿ ನಿಲ್ಲಲಿಲ್ಲ. ಮೊದಲು ತಮ್ಮ ಪಾಲು ಹಾಕಿದರು, ಆಮೇಲೆ ತೀರ್ಮಾನದ ಹಕ್ಕು ಕೇಳಿದರು. ಸಂಘ ಕಟ್ಟಿದಾಗ ನಾವು ಮಾಡಿದ್ದೂ ಇದನ್ನೇ ಅಲ್ಲವೇ? ವಾರಕ್ಕೆ ಐದೋ ಹತ್ತೋ ರೂಪಾಯಿ ಹಾಕಿದೆವು. ಆಮೇಲೆ ಬ್ಯಾಂಕಿನಲ್ಲಿ ನಮಗೆ ಕುರ್ಚಿ ಸಿಕ್ಕಿತು.

3. ಹಣ ಸುತ್ತಬೇಕು

ಒಮ್ಮೆ ಕೊಟ್ಟು ಮುಗಿಯುವ ಹಣ ಒಂದು ಬಗೆ. ಹೋಗಿ ಮತ್ತೆ ಬರುವ ಹಣ ಇನ್ನೊಂದು ಬಗೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ಮಕಾಲೆಸ್ಟರ್ ಎಂಬ ಕಾಲೇಜಿನ ವಿದ್ಯಾರ್ಥಿಗಳು 2006ರಲ್ಲಿ ಈ ಎರಡನೇ ಬಗೆಯ ನಿಧಿಯನ್ನು ಶುರು ಮಾಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಸುತ್ತುನಿಧಿ. ಮರುವರ್ಷವೇ ಅಲ್ಲಿನ ಇಬ್ಬರು ವಿದ್ಯಾರ್ಥಿಗಳು ಬೇರೆ ಕಾಲೇಜಿನ ಮಕ್ಕಳಿಗೂ ಉಪಯೋಗವಾಗಲಿ ಅಂತ ಒಂದು ಕೈಪಿಡಿ ಬರೆದರು.

ಸುತ್ತುನಿಧಿ ನಡೆಯುವ ಕ್ರಮ ಹೀಗೆ. ನಿಧಿಯಿಂದ ಕಾಲೇಜಿಗೆ ಸಾಲ ಕೊಡುತ್ತಾರೆ. ಆ ಹಣದಲ್ಲಿ ಕಡಿಮೆ ವಿದ್ಯುತ್ ತಿನ್ನುವ ದೀಪ ಬರುತ್ತದೆ. ಬಿಲ್ ಇಳಿಯುತ್ತದೆ. ಇಳಿದಷ್ಟು ಹಣವನ್ನು ಕಾಲೇಜು ನಿಧಿಗೆ ಕಂತಾಗಿ ಕಟ್ಟುತ್ತದೆ. ಸಾಲ ತೀರಿದ ಮೇಲೆ ಅದೇ ಹಣ ಇನ್ನೊಂದು ಕೆಲಸಕ್ಕೆ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ಇದು ನಾವು ಪಾಠಕ್ಕಾಗಿ ಮಾಡಿದ ಲೆಕ್ಕ. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಮಾಡಿ ನೋಡಿ.

ಒಂದು ಹಾಸ್ಟೆಲಿನಲ್ಲಿ 100 ಹಳೇ ಟ್ಯೂಬ್‌ಲೈಟ್ ಇವೆ. ಚೋಕ್ ಸೇರಿ ಒಂದೊಂದಕ್ಕೆ 50 ವ್ಯಾಟ್. ಅದರ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿದರೆ ಒಂದಕ್ಕೆ 30 ವ್ಯಾಟ್ ಉಳಿತಾಯ, ನೂರಕ್ಕೆ 3,000 ವ್ಯಾಟ್. ದಿನಕ್ಕೆ 6 ಗಂಟೆ ಉರಿದರೆ 18,000. ಇದನ್ನು 1,000ದಿಂದ ಭಾಗಿಸಿದರೆ 18 ಯೂನಿಟ್. ತಿಂಗಳಿಗೆ 540 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ 4,320 ರೂಪಾಯಿ ಉಳಿತಾಯ. ಒಂದು ಟ್ಯೂಬಿಗೆ 250 ರೂಪಾಯಿ ಎಂದರೆ ಖರ್ಚು 25,000. ಆರು ತಿಂಗಳಲ್ಲಿ ಸಾಲ ತೀರುತ್ತದೆ! ಏಳನೇ ತಿಂಗಳಿಂದ ಉಳಿಯುವುದೆಲ್ಲ ಲಾಭ.

ಇಷ್ಟು ಲಾಭ ಇದ್ದರೂ ಏಕೆ ಎಲ್ಲರೂ ಮಾಡುವುದಿಲ್ಲ? ಇಲ್ಲೇ ಇರುವುದು ಗುಟ್ಟು. ದೀಪ ಕೊಳ್ಳುವ 25,000 ರೂಪಾಯಿ ಇವತ್ತೇ ಕೈಯಿಂದ ಹೋಗುತ್ತದೆ, ಎಲ್ಲರಿಗೂ ಕಾಣುತ್ತದೆ. ಉಳಿಯುವ 4,320 ರೂಪಾಯಿ ಯಾರ ಕೈಗೂ ಬರುವುದಿಲ್ಲ. ಅದು ಬರದೇ ಇರುವ ಖರ್ಚು. ಪುಸ್ತಕದಲ್ಲಿ ಬರೆಯದಿದ್ದರೆ ಕಾಲೇಜಿನ ದೊಡ್ಡ ಲೆಕ್ಕದಲ್ಲಿ ಕರಗಿ ಹೋಗುತ್ತದೆ. ವರ್ಷದ ಕೊನೆಯಲ್ಲಿ "ಉಳಿದದ್ದು ಎಲ್ಲಿಗೆ ಹೋಯಿತು?" ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಸುತ್ತುನಿಧಿಯ ಪುಸ್ತಕ ಈ ಪ್ರಶ್ನೆಗೆ ಉತ್ತರ ಬರೆದಿಡುತ್ತದೆ. ಉಳಿದ ಹಣಕ್ಕೆ ಒಂದು ಹೆಸರು, ಒಂದು ಪುಟ, ಒಬ್ಬ ಯಜಮಾನಿ ಬೇಕು.

4. ಬಿಟ್ಟು ಹೋದ ಸಾಮಾನು

ಕೋರ್ಸ್ ಮುಗಿಸಿ ಹೋಗುವ ಮಕ್ಕಳು ಹಾಸ್ಟೆಲಿನಲ್ಲಿ ಏನೇನು ಬಿಟ್ಟು ಹೋಗುತ್ತಾರೆ ಅಂತ ಅಲ್ಲಿ ಕಸ ಗುಡಿಸುವವರನ್ನು ಕೇಳಬೇಕು. ಬಕೆಟ್, ಚಾಪೆ, ಟೇಬಲ್ ಫ್ಯಾನ್, ಪುಸ್ತಕ, ಹೊದಿಕೆ. ಒಂದೆರಡು ತಿಂಗಳಲ್ಲಿ ಹೊಸ ಮಕ್ಕಳು ಬಂದು ಅದೇ ಸಾಮಾನನ್ನು ಅಂಗಡಿಯಲ್ಲಿ ಹೊಸದಾಗಿ ಕೊಳ್ಳುತ್ತಾರೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2011ರಲ್ಲಿ ಇದನ್ನೇ ಒಂದು ಕಾರ್ಯಕ್ರಮವಾಗಿ ಮಾಡಿದರು. ವರ್ಷದ ಕೊನೆಯಲ್ಲಿ ಹೋಗುವವರಿಂದ ಸಾಮಾನು ಕೂಡಿಸಿ ಇಟ್ಟರು. ಹೊಸ ವರ್ಷ ಶುರುವಾದಾಗ ಕಡಿಮೆ ಬೆಲೆಗೆ ಮಾರಿದರು. ಮಾರಿ ಬಂದ ಹಣದಲ್ಲೇ ಮುಂದಿನ ವರ್ಷದ ಖರ್ಚು ನಡೆಯಿತು. ಮುಂದೆ ಇತರ ಕಾಲೇಜುಗಳಿಗೂ ಈ ಕೆಲಸ ಕಲಿಸಲು 2013ರಲ್ಲಿ ಒಂದು ಸಂಸ್ಥೆಯೇ ಹುಟ್ಟಿತು.

ಯಾರ ಮುಂದೆಯೂ ಕೈ ಚಾಚದೆ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುವ ಕೆಲಸ ಬಹಳ ದಿನ ಬಾಳುತ್ತದೆ. ಬರೀ ಅನುದಾನದ ಮೇಲೆ ನಿಂತ ಕೆಲಸ ಅನುದಾನ ನಿಂತ ದಿನ ನಿಲ್ಲುತ್ತದೆ. ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ಹೋಗುವವರು ಪುಸ್ತಕ ಒಪ್ಪಿಸಿ ಹೋಗಬೇಕು

ವಿದ್ಯಾರ್ಥಿಗಳ ಕೆಲಸಕ್ಕೆ ಒಂದು ದೊಡ್ಡ ತೊಡಕು ಇದೆ. ಅವರು ಮೂರು ನಾಲ್ಕು ವರ್ಷದಲ್ಲಿ ಹೊರಟು ಹೋಗುತ್ತಾರೆ. ಮೊದಲ ವರ್ಷ ಕಲಿಯುವುದು, ಎರಡನೇ ವರ್ಷ ಮಾಡುವುದು, ಮೂರನೇ ವರ್ಷ ಪರೀಕ್ಷೆ, ಆಮೇಲೆ ಊರು. ಚುರುಕಾದ ಒಬ್ಬಳೇ ಹುಡುಗಿ ಎಲ್ಲವನ್ನೂ ತಲೆಯ ಮೇಲೆ ಹೊತ್ತಿದ್ದರೆ ಅವಳು ಹೋದ ದಿನವೇ ಕೆಲಸವೂ ಹೋಗುತ್ತದೆ.

ಇದಕ್ಕೆ ಮೂರು ಕ್ರಮ ಬೇಕು. ಒಂದು, ನಿಯಮಗಳನ್ನು ಬರೆದು ಇಡುವುದು. ಎರಡು, ಸಮಿತಿಯಲ್ಲಿ ಕೊನೆಯ ವರ್ಷದವರ ಜೊತೆ ಮೊದಲ ವರ್ಷದವರನ್ನೂ ಸೇರಿಸಿಕೊಳ್ಳುವುದು. ಮೂರು, ಊರು ಬಿಟ್ಟು ಹೋಗದ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳುವುದು. ಅಧ್ಯಾಪಕರಾಗಬಹುದು, ವಾರ್ಡನ್ ಆಗಬಹುದು, ಹಾಸ್ಟೆಲಿನ ಅಡುಗೆಯವರೂ ಆಗಬಹುದು.

ನಮ್ಮ ಸಂಘಗಳನ್ನು ನೋಡಿ. ಹತ್ತು ವರ್ಷದಿಂದ ಒಬ್ಬರೇ ಪ್ರತಿನಿಧಿ, ಪುಸ್ತಕ ಅವರ ಮನೆಯ ಕಪಾಟಿನಲ್ಲಿ. "ಅಕ್ಕನಿಗೆ ಎಲ್ಲ ಗೊತ್ತು, ನಮಗ್ಯಾಕೆ?" ಅಂತ ಉಳಿದವರು ಸುಮ್ಮನೆ ಇದ್ದುಬಿಡುತ್ತಾರೆ. ಅಕ್ಕ ಕಾಯಿಲೆ ಬಿದ್ದರೆ, ಮಗಳ ಮನೆಗೆ ಹೋದರೆ ಸಂಘದ ಗತಿ ಏನು? ಕಾಲೇಜಿನ ಮಕ್ಕಳನ್ನು ವರ್ಷ ಮುಗಿದಾಗ ಪರೀಕ್ಷೆಯೇ ಹೊರಗೆ ಕಳಿಸುತ್ತದೆ. ನಮ್ಮನ್ನು ಕಳಿಸುವವರು ಯಾರೂ ಇಲ್ಲ. ಆದ್ದರಿಂದ ಜವಾಬ್ದಾರಿ ಬದಲಾಯಿಸುವ ನಿಯಮವನ್ನು ನಾವೇ ಮಾಡಿಕೊಳ್ಳಬೇಕು.

6. ನಮಗೂ ಕಾಲೇಜಿಗೂ ಏನು ಸಂಬಂಧ?

"ಅದೆಲ್ಲ ಅಮೆರಿಕದವರಿಗೆ ಸರಿ, ಓದಿದವರ ಕೆಲಸ" ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಹಾಗೆ ಹೇಳುವ ಮುಂಚೆ ನಮ್ಮದೇ ಚರಿತ್ರೆ ನೆನಪು ಮಾಡಿಕೊಳ್ಳೋಣ. ಒಟ್ಟುಗೂಡಿಸಿದ ಹಣವನ್ನು ತಮ್ಮೊಳಗೇ ಸಾಲ ಕೊಟ್ಟು ಸುತ್ತಿಸುವ ಸಣ್ಣ ಗುಂಪುಗಳನ್ನು ಕರ್ನಾಟಕದ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಬೆಳೆಸಿತ್ತು. 1992ರಲ್ಲಿ ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಜೋಡಣೆ ಮಾಡುವ ಪ್ರಯೋಗ ಶುರು ಮಾಡಿತು. ಮಕಾಲೆಸ್ಟರಿನ ಮಕ್ಕಳು ನಿಧಿ ಕಟ್ಟುವ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ಆ ವಿದ್ಯೆಯಲ್ಲಿ ಪಳಗಿದ್ದರು. ಅವರು ಹೊಸದಾಗಿ ಮಾಡಿದ್ದು ಒಂದೇ: ಉಳಿದ ವಿದ್ಯುತ್ತನ್ನೂ ಹಣ ಅಂತ ಎಣಿಸಿ ಪುಸ್ತಕಕ್ಕೆ ತಂದರು.

ಕಾಲೇಜು ನಮಗೆ ದೂರವೂ ಅಲ್ಲ. ನಮ್ಮ ಮಕ್ಕಳು ಅಲ್ಲಿ ಓದುತ್ತಾರೆ. ಹಾಸ್ಟೆಲ್ ಫೀಸು ಕಟ್ಟಲು ನಾವು ಸಂಘದಲ್ಲಿ ಸಾಲ ಎತ್ತುತ್ತೇವೆ. ಊಟದ ಖರ್ಚನ್ನು ಮಕ್ಕಳ ಮೇಲೆ ಹಂಚುವ ಹಾಸ್ಟೆಲಿನಲ್ಲಿ ಬಿಸಾಡಿದ ಅನ್ನದ ಬೆಲೆಯೂ ಅದರಲ್ಲಿ ಸೇರಿರುತ್ತದೆ. ಹಾಸ್ಟೆಲುಗಳಲ್ಲಿ ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು, ಕಸ ಎತ್ತುವವರು ಹೆಚ್ಚಾಗಿ ನಮ್ಮಂಥ ಹೆಂಗಸರೇ. ಮಕ್ಕಳು ಹಸಿ ಕಸ, ಒಣ ಕಸ ಬೆರೆಸಿ ಹಾಕಿದರೆ ಕೈ ಹಾಕಿ ಬೇರೆ ಮಾಡುವವರು ಅವರು. ಆದರೆ ಪರಿಸರ ಸಮಿತಿಯ ಸಭೆಗೆ ಅವರನ್ನು ಕರೆಯುವವರು ಕಡಿಮೆ. ಎಷ್ಟು ಅನ್ನ ಉಳಿಯುತ್ತದೆ, ಯಾವ ನಲ್ಲಿ ಸೋರುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅವರ ದುಡಿಮೆಯಿಂದ ಹಣ ಉಳಿದರೆ ಅದರಲ್ಲಿ ಒಂದು ಪಾಲು ಅವರಿಗೆ ಕೈಗವಸು, ತಳ್ಳುವ ಗಾಡಿ, ಒಳ್ಳೆಯ ಒಲೆಯ ರೂಪದಲ್ಲಾದರೂ ತಿರುಗಿ ಬರಬೇಕು. ಇದು ನ್ಯಾಯ.

ಮಕ್ಕಳನ್ನು ಭೇಟಿ ಮಾಡಲು ಒಂದು ಬಾಗಿಲೂ ಇದೆ. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, 1969ರಲ್ಲಿ ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷ ಶುರುವಾಯಿತು. ಅದರ ವಿದ್ಯಾರ್ಥಿಗಳು ಏಳು ದಿನದ ವಿಶೇಷ ಶಿಬಿರಕ್ಕೆ ಹಳ್ಳಿಗಳಿಗೆ ಬರುತ್ತಾರೆ. ನಿಮ್ಮ ಊರಿಗೆ ಬಂದಾಗ ಊಟ ಬಡಿಸಿ ಕಳಿಸಿದರೆ ಸಾಲದು. ಒಂದು ಸಂಜೆ ಸಂಘದ ಸಭೆಗೆ ಕರೆಯಿರಿ. ಉಳಿತಾಯ ಪುಸ್ತಕ, ಸಾಲದ ಪುಸ್ತಕ, ನಿರ್ಣಯ ಪುಸ್ತಕ ತೋರಿಸಿ. ಸುತ್ತುನಿಧಿ ನಡೆಸುವುದನ್ನು ಅವರು ನಿಮ್ಮಿಂದ ಕಲಿಯಲಿ. ವ್ಯಾಟು, ಯೂನಿಟ್ಟಿನ ಲೆಕ್ಕವನ್ನು ನೀವು ಅವರಿಂದ ಕಲಿಯಿರಿ.

ಮನೆಯಲ್ಲಿ ಒಂದು ತಿಂಗಳ ಅಭ್ಯಾಸ

ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಗಿದ ದಿನವೂ ಗುರುತು ಹಾಕಿ. 30 ದಿನ ಬರುತ್ತಿದ್ದ ಸಿಲಿಂಡರ್, ಪಾತ್ರೆಗೆ ಮುಚ್ಚಳ ಮುಚ್ಚಿ, ಬೇಳೆಯನ್ನು ನೆನೆಸಿ ಕುಕ್ಕರಿನಲ್ಲಿ ಬೇಯಿಸಿದಾಗ 36 ದಿನ ಬಂದರೆ, ವರ್ಷಕ್ಕೆ 12 ಬೇಕಾದಲ್ಲಿ 10 ಸಾಕು. ಎರಡು ಸಿಲಿಂಡರಿನ ಹಣ ಉಳಿಯಿತು. ಆ ಹಣವನ್ನು ಸಂಘದಲ್ಲಿ ಬೇರೆ ಉಳಿತಾಯವಾಗಿ ಕಟ್ಟಿದರೆ ಮಾತ್ರ ಉಳಿದದ್ದು ಕಾಣುತ್ತದೆ. ಇಲ್ಲದಿದ್ದರೆ ಮನೆಖರ್ಚಿನಲ್ಲಿ ಕರಗುತ್ತದೆ.

ಕರೆಂಟಿನ ವಿಷಯದಲ್ಲೂ ಹೀಗೇ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ರಾಜ್ಯದ ಅನೇಕ ಮನೆಗಳಿಗೆ ಸೊನ್ನೆ ಬಿಲ್ ಬಂತು. ಬಿಲ್ ಸೊನ್ನೆ ಆಯಿತೆಂದು ಮೀಟರ್ ಓಡುವುದು ನಿಲ್ಲಲಿಲ್ಲ. ಹಣದ ಜಾಗ ನೋಡಿ ಬಿಲ್ಲನ್ನು ಮಡಚಿಡಬೇಡಿ. ಎಷ್ಟು ಯೂನಿಟ್ ಅಂತಲೂ ಓದಿ. ಬಿಲ್ ಕಾಣದ ಹಾಸ್ಟೆಲ್ ಹುಡುಗನ ಹಾಗೆ ನಾವು ಆಗಬಾರದು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಈ ಹಿಂದೆ ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದಿವೆ? ಉಳಿದವನ್ನು ಯಾರು ನೋಡಿಕೊಂಡರು?

2. ಎಲ್ಲ ವಿದ್ಯಾರ್ಥಿಗಳೂ ಒಂದೇ ಮೊತ್ತ ಕೊಡಬೇಕೆಂಬ ನಿಯಮ ಬಡ ಮಕ್ಕಳಿಗೆ ಭಾರವೇ? ನಮ್ಮ ಸಂಘದಲ್ಲಿ ಉಳಿತಾಯದ ಮೊತ್ತವನ್ನು ನಾವು ಹೇಗೆ ತೀರ್ಮಾನಿಸಿದೆವು?

3. ಸಂಘದ ಸಾಲದಲ್ಲಿ ಕುಕ್ಕರ್, ಎಲ್‌ಇಡಿ ದೀಪ, ಹೊಗೆ ಕಡಿಮೆ ಮಾಡುವ ಒಲೆ ಕೊಂಡವರು ಯಾರಾದರೂ ಇದ್ದಾರೆಯೇ? ಎಷ್ಟು ಉಳಿಯಿತು ಎಂದು ಬರೆದಿಟ್ಟಿದ್ದಾರೆಯೇ?

4. ನಮ್ಮಲ್ಲಿ ಹಾಸ್ಟೆಲ್, ಶಾಲೆ, ಹೋಟೆಲಿನ ಅಡುಗೆ ಮನೆಯಲ್ಲಿ ದುಡಿಯುವವರು ಅಲ್ಲಿ ಏನೇನು ಹಾಳಾಗುವುದನ್ನು ಕಂಡಿದ್ದಾರೆ? ಹೇಳಿದರೆ ಕೇಳುವವರು ಇದ್ದಾರೆಯೇ?

5. ಇವತ್ತು ನಮ್ಮ ಪ್ರತಿನಿಧಿ ಸಭೆಗೆ ಬರದಿದ್ದರೆ ಪುಸ್ತಕ ಬರೆಯಲು ಬರುವವರು ಎಷ್ಟು ಮಂದಿ?

ಚರ್ಚೆಯ ನಂತರ ಒಂದೇ ಒಂದು ನಿರ್ಣಯ ಮಾಡಿ, ಸಾಕು. ಹತ್ತು ನಿರ್ಣಯ ಬರೆದು ಮರೆಯುವುದಕ್ಕಿಂತ ಒಂದನ್ನು ಅಳೆದು ನೋಡುವುದು ಮೇಲು. ನಿರ್ಣಯದ ಎದುರಿಗೆ ಮೂರು ಮಾತು ಬರೆಯಿರಿ: ಏನನ್ನು ಅಳೆಯುತ್ತೇವೆ, ಯಾರು ಬರೆಯುತ್ತಾರೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ. ಮೂರು ತಿಂಗಳ ನಂತರದ ಸಭೆಯಲ್ಲಿ ಅದೇ ಪುಟ ತೆರೆದು ಜೋರಾಗಿ ಓದಿ. ಓದುವ ಕೆಲಸವನ್ನು ಈ ಸಲ ಪ್ರತಿನಿಧಿಗೆ ಕೊಡಬೇಡಿ. ಇದುವರೆಗೆ ಪುಸ್ತಕ ಮುಟ್ಟದ ಸದಸ್ಯೆಗೆ ಕೊಡಿ.